ಶೀತದ ಮಾತ್ರೆ ನುಂಗಿದ ಮೇಲೆ ಮೂತ್ರ ಕಟ್ಟಿಕೊಂಡರೆ

ಪ್ರಶ್ನೆ: ನನಗೆ 66 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಗೂಡಿನ ಧೂಳಿಗೆ ಒಂದೇ ಸಮನೆ ಸೀನು, ಮೂಗು ಸೋರುವುದು. ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟ ಶೀತದ ಮಾತ್ರೆಯನ್ನು ದಿನಕ್ಕೆ ಮೂರರಂತೆ ಎರಡು ದಿನ ತೆಗೆದುಕೊಂಡೆ. ಈಗ ಮೂತ್ರಕ್ಕೆ ನಿಂತರೆ ಐದು ನಿಮಿಷ ಕಾಯಬೇಕು, ಬಂದರೂ ತೊಟ್ಟಿಕ್ಕುತ್ತದೆ. ಮೊದಲಿಂದಲೂ ರಾತ್ರಿ ಎರಡು ಸಲ ಏಳುವ ಅಭ್ಯಾಸವಿದೆ. ಇದು ಮಾತ್ರೆಯಿಂದಲೇ?

ಉತ್ತರ: ಬಹುಪಾಲು ಹೌದು. ಸ್ಟ್ರಿಪ್ಪಿನ ಹಿಂಬದಿ ಓದಿ. ಕ್ಲೋರ್‌ಫೆನಿರಮಿನ್ 2 ಅಥವಾ 4 ಮಿ.ಗ್ರಾಂ., ಫಿನೈಲ್‌ಎಫ್ರಿನ್ 5 ಅಥವಾ 10 ಮಿ.ಗ್ರಾಂ., ಜೊತೆಗೆ ಪ್ಯಾರಾಸಿಟಮಾಲ್ ಎಂದಿರುತ್ತದೆ. ಮೂತ್ರಕೋಶದ ಸ್ನಾಯು ಹಿಂಡಿಕೊಳ್ಳಲು ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಕಾಲದ ಅಲರ್ಜಿ ಔಷಧ, ಸೀನು ತರಿಸುವ ಹಿಸ್ಟಮಿನ್ ಜೊತೆಗೆ ಅದನ್ನೂ ತಡೆಯುತ್ತದೆ. ಬಾಯಿ ಒಣಗುವುದೂ ಇದರಿಂದಲೇ. ಇನ್ನೊಂದು ಕಡೆ ಮೂಗು ಬಿಡಿಸುವ ಫಿನೈಲ್‌ಎಫ್ರಿನ್ ಮೂತ್ರಕೋಶದ ಕತ್ತನ್ನು ಬಿಗಿಮಾಡುತ್ತದೆ. ಮೋಟಾರು ಸೋತಿದೆ, ಗೇಟ್‌ವಾಲ್ವೂ ಬಿಗಿದಿದೆ. ರಾತ್ರಿ ಏಳುವುದನ್ನು ನೋಡಿದರೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಮೊದಲೇ ದಪ್ಪಗಾಗಿರಬಹುದು.

ಆ ಮಾತ್ರೆಯನ್ನು ಇಂದೇ ನಿಲ್ಲಿಸಿ. ಕ್ಲೋರ್‌ಫೆನಿರಮಿನ್ ಮೈಯಿಂದ ನಿಧಾನವಾಗಿ ಇಳಿಯುತ್ತದೆ, ಪರಿಣಾಮ ಎರಡು ಮೂರು ದಿನ ಉಳಿಯಬಹುದು. ‘ತಳ್ಳಿಬಿಡಲಿ’ ಎಂದು ಚೊಂಬುಗಟ್ಟಲೆ ನೀರು ಕುಡಿಯಬೇಡಿ, ಕಟ್ಟಿಕೊಂಡ ಮೂತ್ರ ಹೆಚ್ಚುತ್ತದೆ ಅಷ್ಟೆ. ಮಲಬದ್ಧತೆ ಇದ್ದರೆ ಅದನ್ನೂ ಸರಿಪಡಿಸಿಕೊಳ್ಳಿ, ಮದ್ಯ ಬೇಡ. ಹೊಕ್ಕುಳ ಕೆಳಗೆ ಗಟ್ಟಿಯಾಗಿ ಉಬ್ಬಿ, ನೋವಿದ್ದೂ ಒಂದು ಹನಿ ಬಾರದಿದ್ದರೆ ಬೆಳಗಾಗುವವರೆಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ; ಮೂತ್ರ ಹೊರಬಿಡುವ ಕೊಳವೆ (ಕ್ಯಾತಿಟರ್) ಹಾಕಿದರೆ ಕೆಲವೇ ನಿಮಿಷಗಳಲ್ಲಿ ನೆಮ್ಮದಿ. ಬಿಟ್ಟರೆ ಮೂತ್ರಪಿಂಡಕ್ಕೇ ಪೆಟ್ಟು. ಈಗ ಹನಿ ಹನಿ ಬರುತ್ತಿದ್ದರೂ ವೈದ್ಯರನ್ನು ಕಂಡು, ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿಸಿ.

ಸೀನಿಗೆ ಫೆಕ್ಸೊಫೆನಡಿನ್ 120 ಮಿ.ಗ್ರಾಂ. ದಿನಕ್ಕೆ ಒಂದು (ನೀರಿನಲ್ಲೇ ನುಂಗಿ; ಹಣ್ಣಿನ ರಸದಲ್ಲಿ ನುಂಗಿದರೆ ಕೆಲಸ ಕುಗ್ಗುತ್ತದೆ) ಸಾಕಾಗಬಹುದು, ವೈದ್ಯರನ್ನು ಕೇಳಿಯೇ ಶುರುಮಾಡಿ. ಸೆಟ್ರಿಜಿನ್ ಹಳೆಯದಕ್ಕಿಂತ ವಾಸಿ, ಆದರೆ ಪೂರ್ತಿ ನಿರಪಾಯವಲ್ಲ. ಮೂತ್ರಪಿಂಡ ದುರ್ಬಲವಿದ್ದರೆ 10ರ ಬದಲು 5 ಮಿ.ಗ್ರಾಂ. ಹೆಸರಿನ ಕೊನೆಗೆ ‘ಡಿ’ ಇದ್ದರೆ ಸಾಮಾನ್ಯವಾಗಿ ಮೂಗು ಬಿಡಿಸುವ ಮದ್ದೂ ಸೇರಿರುತ್ತದೆ, ನಿಮಗೆ ಅದು ಬೇಡ. ದಿನವೂ ಧೂಳಿನಲ್ಲೇ ಇರುವವರಿಗೆ ಮಾಸ್ಕು, ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಮೂಗಿನ ಸ್ಪ್ರೇ ಇವೇ ಮೇಲು.

ಪ್ರಶ್ನೆ: ಕೋಲಾರದಿಂದ. ವಯಸ್ಸು 48. ಪಿತ್ತದ ಗಂಧೆಗೆ ರಾತ್ರಿ ಹೈಡ್ರಾಕ್ಸಿಜಿನ್ 25 ಮಿ.ಗ್ರಾಂ. ನುಂಗುತ್ತೇನೆ. ಮೂತ್ರ ತಡೆಯಲಾಗದ್ದಕ್ಕೆ ಬೇರೆ ವೈದ್ಯರು ಸಾಲಿಫೆನಾಸಿನ್ ಕೊಟ್ಟರು. ಈಗ ಮೂತ್ರ ಪೂರ್ತಿ ಹೋದಂತಿಲ್ಲ, ಮಲವೂ ಕಟ್ಟಿದೆ.

ಉತ್ತರ: ಎರಡೂ ಒಂದೇ ಅಸಿಟೈಲ್‌ಕೋಲಿನ್ನಿಗೆ ಅಡ್ಡ ನಿಂತಿವೆ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿದಂತಿಲ್ಲ. ಎರಡೂ ಚೀಟಿ ಹಿಡಿದು ಈ ವಾರವೇ ಹೋಗಿ, ಗಂಧೆಯ ಮಾತ್ರೆ ಬದಲಿಸಲು ಹೇಳಿ. ಅದಕ್ಕೆ ನಿದ್ದೆ ತರದ ಹೊಸ ತಲೆಮಾರಿನ ಮಾತ್ರೆಗಳಿವೆ.