ಪಿಟ್ ರಿವರ್ಸ್ ಮುಚ್ಚಿರಲಿಲ್ಲ, ನೀವು ಬೇಗ ಹೋಗಿದ್ದೀರಿ

ಕಳೆದ ಸಲ ಸೋಮವಾರ ಬೆಳಿಗ್ಗೆ ಹೋದಾಗ ಪಿಟ್ ರಿವರ್ಸ್ ಮುಚ್ಚಿತ್ತು, ಈ ಸಲ ಏನು ಮಾಡಲಿ ಎಂದು ಕೇಳಿದ್ದೀರಿ. ಜಗತ್ತಿನ ನಾನಾ ಜನರ ವಸ್ತುಗಳನ್ನಿಟ್ಟಿರುವ ಆಕ್ಸ್‌ಫರ್ಡ್‌ನ ಈ ಮ್ಯೂಸಿಯಂ ಸೋಮವಾರ ತೆರೆಯುವುದೇ ಮಧ್ಯಾಹ್ನ 12ಕ್ಕೆ. ಉಳಿದ ದಿನ 10ಕ್ಕೆ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹೋದರೆ ಬಾಗಿಲು ಹಾಕಿರುತ್ತದೆ. ಇದಕ್ಕೆ ದಾರಿ ಪಾರ್ಕ್ಸ್ ರಸ್ತೆಯ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಒಳಗಿಂದ: ಡೈನೋಸಾರ್ ಅಸ್ಥಿಪಂಜರಗಳನ್ನು ದಾಟಿ ನೇರ ಹಿಂದಿನ ಗೋಡೆಗೆ ಹೋಗಿ. ಎರಡಕ್ಕೂ ಟಿಕೆಟ್ ಇಲ್ಲ.

ಈ ಸಲವೂ ಸೋಮವಾರವೇ ಅಂದಿದ್ದೀರಲ್ಲ, ಹಾಗಾದರೆ ಮೊದಲು 10ಕ್ಕೆ ಬಟಾನಿಕ್ ಗಾರ್ಡನ್ ನೋಡಿ. 1621ರದ್ದು, ಬ್ರಿಟನ್ನಿನ ಸಸ್ಯೋದ್ಯಾನಗಳಲ್ಲೇ ಹಳೆಯದು. ಹೈ ಸ್ಟ್ರೀಟಿನ ಕೊನೆಯಲ್ಲಿ, ಮಾಡ್ಲಿನ್ ಕಾಲೇಜಿನ ಎದುರಿಗಿದೆ. ಇಲ್ಲಿ ಟಿಕೆಟ್ ಬೇಕು. 1645ರಲ್ಲಿ ನೆಟ್ಟ ಯೂ ಎಂಬ ನಿತ್ಯಹಸಿರು ಮರವನ್ನು ನೋಡದೆ ಬಿಡಬೇಡಿ. ಚಳಿಗಾಲದಲ್ಲಿ ತೋಟ ಬೇಗ ಮುಚ್ಚುವುದರಿಂದ ಮಧ್ಯಾಹ್ನಕ್ಕೆ ಉಳಿಸಿಕೊಳ್ಳುವುದು ಬೇಡ. ಅಲ್ಲಿಂದ ಲಾಂಗ್‌ವಾಲ್, ಹಾಲಿವೆಲ್ ಬೀದಿಗಳ ಮೂಲಕ ಪಾರ್ಕ್ಸ್ ರಸ್ತೆಗೆ ಸುಮಾರು 20 ನಿಮಿಷದ ನಡಿಗೆ.

ಪಿಟ್ ರಿವರ್ಸ್‌ಗೆ ಕನಿಷ್ಠ ಎರಡು ಗಂಟೆ ಇಡಿ. ವಸ್ತುಗಳನ್ನು ದೇಶವಾರು ಜೋಡಿಸಿಲ್ಲ, ಬಗೆವಾರು ಇಟ್ಟಿದ್ದಾರೆ. ಒಂದೇ ಕಪಾಟಿನಲ್ಲಿ ಹಲವು ದೇಶಗಳ ಕೊಳಲುಗಳು. ಬೆಳಕು ಮಂದ, ಹಳೆಯ ಚೀಟಿಗಳ ಕೈಬರಹ ತೀರಾ ಸಣ್ಣದು, ಚಿಕ್ಕ ಟಾರ್ಚ್ ಒಯ್ಯಿರಿ. ಕಪಾಟುಗಳ ಕೆಳಗಿನ ಡ್ರಾಯರ್‌ಗಳನ್ನು ನೀವೇ ಎಳೆದು ನೋಡಬಹುದು, ಅದರಲ್ಲೂ ಸಾಮಾನಿದೆ. ಬಹಳ ಜನ ಇದನ್ನು ಗಮನಿಸದೆ ಹೊರಟುಬಿಡುತ್ತಾರೆ.

ಕಾಲೇಜುಗಳನ್ನೂ ನೋಡಬೇಕಿದ್ದರೆ ಹಿಂದಿನ ದಿನವೇ ಆಯಾ ಕಾಲೇಜಿನ ಜಾಲತಾಣ ನೋಡಿ. ಪರೀಕ್ಷೆ, ಸಮಾರಂಭಗಳ ದಿನ ಪ್ರವಾಸಿಗರನ್ನು ಒಳಗೆ ಬಿಡದಿರಬಹುದು.