ಆಲ್ದೂರಕ್ಕನ ಉತ್ತರ: ಸೈಗಾನಿನಲ್ಲಿ ಸಂಸಾರ

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರಿಗೆ ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಯಲ್ಲಿ, ಅಂದರೆ ಹಳೆಯ ಸೈಗಾನಿನಲ್ಲಿ, ಕೆಲಸ ಸಿಕ್ಕಿದೆ. ನಾನೂ ಜೊತೆಗೆ ಹೊರಡಬೇಕು. ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ. ಭಾಷೆಯಂತೂ ಬರುವುದಿಲ್ಲ. ನೀವು ಅಲ್ಲಿ ಏಳು ವರ್ಷ ಹೇಗೆ ಕಳೆದಿರಿ?
– ಹೆಸರು ಬೇಡ, ಸಕಲೇಶಪುರ

ಉತ್ತರ: ಅಕ್ಕಾ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಊಟದ ಮಾತು ಆಮೇಲೆ. ಮೊದಲು ಪಾಸ್‌ಪೋರ್ಟಿನಲ್ಲಿ ನಿನ್ನ ಹೆಸರು ಹೇಗಿದೆ ನೋಡು. ಅಲ್ಲಿಯವರಲ್ಲಿ ಮನೆತನದ ಹೆಸರು ಮೊದಲು, ಕರೆಯುವ ಹೆಸರು ಕೊನೆಗೆ. ನನ್ನ ಇನಿಷಿಯಲ್ ಬಿಡಿಸಿ ಬರೆದಿದ್ದರಿಂದ ಕೊನೆಗೆ ಉಳಿದದ್ದು ಊರಿನ ಹೆಸರು. ಬ್ಯಾಂಕು, ಆಸ್ಪತ್ರೆ, ಎಲ್ಲ ಕಡೆ ನಾನು ‘ಚಿ ಆಲ್ದೂರು’. ಮೊದಲ ವಾರ ನನಗೆ ಯಾರೋ ‘ಛೀ’ ಅನ್ನುತ್ತಿದ್ದಾರೆ ಅನಿಸಿ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ಗೊತ್ತಾಯಿತು, ಚಿ ಅಂದರೆ ಅಕ್ಕ!

ಅದು ತಿಳಿದ ಮೇಲೆ ಅರ್ಧ ಭಯ ಹೋಯಿತು. ಅವರ ಮಾತಿನಲ್ಲಿ ನಾನು, ನೀನು ಅನ್ನುವುದು ಕಡಿಮೆ. ಅಕ್ಕ, ತಮ್ಮ, ಚಿಕ್ಕಮ್ಮ, ದೊಡ್ಡಪ್ಪ ಅಂತಲೇ ಮಾತು. ಅದಕ್ಕೇ ಪರಿಚಯವಾದ ಕೂಡಲೇ ವಯಸ್ಸು ಕೇಳುತ್ತಾರೆ. ಸಿಟ್ಟಾಗಬೇಡ. ನಿನ್ನನ್ನು ಚಿ ಅನ್ನಬೇಕೋ, ‘ಎಮ್’ ಅಂದರೆ ತಂಗಿ ಅನ್ನಬೇಕೋ ಅಂತ ಲೆಕ್ಕ ಹಾಕುತ್ತಿರುತ್ತಾರೆ, ಅಷ್ಟೇ. ಅಕ್ಷರ ಇಂಗ್ಲಿಷಿನ ತರಹ ಕಂಡರೂ ಮೋಸಹೋಗಬೇಡ. ‘ಮಾ’ ಎಂಬ ಒಂದೇ ಪದ, ದನಿ ಏರಿಸಿ ಇಳಿಸಿದ ಹಾಗೆಲ್ಲ ದೆವ್ವ, ಅಮ್ಮ, ಗೋರಿ, ಭತ್ತದ ಸಸಿ ಆಗುತ್ತದೆ. ನಾನು ಪಕ್ಕದ ಮನೆಯಾಕೆಯ ಅಮ್ಮನನ್ನು ಎಷ್ಟು ಸಲ ದೆವ್ವ ಮಾಡಿದೆನೋ!

ಈಗ ಊಟ. ‘ಚಯ್’ ಅನ್ನುವ ಪದ ಬಾಯಿಪಾಠ ಮಾಡು. ಅಂಗಡಿ ಮುಂದೆ ಆ ಬೋರ್ಡ್ ಇದ್ದರೆ ಬೌದ್ಧರ ಸಸ್ಯಾಹಾರ, ಧೈರ್ಯವಾಗಿ ಒಳಗೆ ಹೋಗು. ಅಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಬಿಡುತ್ತಾರೆ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ನಮ್ಮ ಬೀದಿಯ ಗಾಡಿಯವಳು ಚಯ್ ಮಾಡಿದಳು ಅಂದರೆ ನಾನು ಕ್ಯಾಲೆಂಡರ್ ನೋಡದೆ ಹುಣ್ಣಿಮೆ ಅಂತ ತಿಳಿದುಕೊಳ್ಳುತ್ತಿದ್ದೆ. ಬೇರೆ ಕಡೆ ‘ಬರೀ ತರಕಾರಿ’ ಅಂದರೆ ಸಾಲದು. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ‘ಬಾನ್ ಸೆಯೊ’ ಅಂತ ಒಂದಿದೆ, ಅಕ್ಕಿಹಿಟ್ಟು, ಅರಿಸಿನ, ಕಾವಲಿಯ ಮೇಲೆ ಚುಂಯ್ ಅನ್ನುವ ಸದ್ದು. ದೋಸೆ ಅಂತ ಆಸೆಯಿಂದ ಮುರಿದೆ, ಒಳಗೆ ಸೀಗಡಿ. ‘ಬುನ್’ ಮಾತ್ರ ಥೇಟ್ ನಮ್ಮ ಒತ್ತು ಶಾವಿಗೆ. ದಿನಾ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಸಿಗುತ್ತದೆ, ಕಾಯಿಯೂ ಧಾರಾಳ. ಹಾಗಾಗಿ ಶಾವಿಗೆ ಒರಳು ಹೊತ್ತುಕೊಂಡು ಹೋಗಬೇಡ. ಸಾರಿನ ಪುಡಿ, ಇಂಗು, ಕುಕ್ಕರಿನ ಗ್ಯಾಸ್ಕೆಟ್ ಒಯ್ಯಿ. ತೊಗರಿಬೇಳೆ ಇಂಡಿಯನ್ ಅಂಗಡಿಯಲ್ಲಿದೆ, ಬೆಲೆ ಜಾಸ್ತಿ.

ಕಾಗದಪತ್ರ: ಮದುವೆ ನೋಂದಣಿ ಆಗಿದೆಯಾ? ಗಂಡನ ಜೊತೆ ಇರುವ ವೀಸಾಕ್ಕೆ ಆ ಪತ್ರವೇ ಬೇಕು. ನಮ್ಮ ಕಡೆ ಎಷ್ಟೋ ಜನರ ಹತ್ತಿರ ಲಗ್ನಪತ್ರಿಕೆ, ಛತ್ರದ ರಸೀದಿ, ಆಲ್ಬಮ್ ಬಿಟ್ಟರೆ ಬೇರೆ ಏನೂ ಇರುವುದಿಲ್ಲ. ಹೊರಡುವ ಮೊದಲೇ ಮಾಡಿಸಿಕೋ. ಅಲ್ಲಿ ಬಾಡಿಗೆಗೆ ಕೊಟ್ಟವರು ನೀವು ವಾಸವಿರುವುದನ್ನು ಪೊಲೀಸರಲ್ಲಿ ನೋಂದಾಯಿಸಬೇಕು. ನಮ್ಮ ಮೊದಲ ಮನೆಯ ಮಾಲೀಕ ಮಾಡಿಸಲೇ ಇಲ್ಲ. ವೀಸಾ ಮುಂದುವರಿಸಲು ಹೋದಾಗ ಸಿಕ್ಕಿಬಿದ್ದು ಮನೆಯನ್ನೇ ಬದಲಿಸಿದೆವು. ಅಡ್ವಾನ್ಸ್ ಕೊಡುವ ಮೊದಲೇ ಕೇಳು.

ದುಡ್ಡು: ಒಂದು ರೂಪಾಯಿಗೆ ಸುಮಾರು 300 ಡಾಂಗ್. ಸೊಪ್ಪು ತಂದರೂ ಸಾವಿರದ ಲೆಕ್ಕ. 20,000 ಮತ್ತು 5 ಲಕ್ಷದ ನೋಟು ಎರಡೂ ನೀಲಿ. ಒಮ್ಮೆ ಎಳನೀರಿಗೆ ಐದು ಲಕ್ಷದ್ದನ್ನೇ ಕೊಟ್ಟು ನಡೆದುಬಿಟ್ಟಿದ್ದೆ. ಆ ಮುದುಕಿ ‘ಚಿ, ಚಿ’ ಅನ್ನುತ್ತಾ ಓಡಿ ಬಂದು ವಾಪಸು ಕೊಟ್ಟಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಆದರೂ ಅಕ್ಕ ಅಂದಳಲ್ಲ!

ರಸ್ತೆ ದಾಟುವಾಗ ಬೈಕುಗಳ ಹೊಳೆ ನೋಡಿ ಓಡಬೇಡ, ನಡುವೆ ನಿಲ್ಲಲೂ ಬೇಡ. ಒಂದೇ ಹದದಲ್ಲಿ ನಡೆ, ಅವರೇ ಸುತ್ತು ಹಾಕಿಕೊಂಡು ಹೋಗುತ್ತಾರೆ. 2024ರ ಡಿಸೆಂಬರ್‌ನಲ್ಲಿ ಮೆಟ್ರೋದ ಮೊದಲ ಮಾರ್ಗವೂ ಶುರುವಾಗಿದೆ, ನಮ್ಮ ಕಾಲಕ್ಕೆ ಇರಲಿಲ್ಲ. ಬೇಜಾರಾದರೆ ಬೆನ್ ಥಾನ್ ಮಾರುಕಟ್ಟೆ ಹತ್ತಿರದ ಮಾರಿಯಮ್ಮನ ಗುಡಿಗೆ ಹೋಗಿ ಕೂರು. ಊದುಬತ್ತಿ ಹಚ್ಚುವವರಲ್ಲಿ ಅಲ್ಲಿಯವರೇ ಜಾಸ್ತಿ.

ಪ್ರಶ್ನೆ: ಮೆಣಸಿನ ಬೆಲೆ ಇಳಿದಾಗಲೆಲ್ಲ ನಾವು ವಿಯೆಟ್ನಾಮನ್ನು ಬೈಯುತ್ತೇವೆ. ಅವರ ತೋಟ, ಕಾಫಿ ಹೇಗಿವೆ?
– ಬೆಳೆಗಾರ, ಮೂಡಿಗೆರೆ

ಉತ್ತರ: ಬೈಯುವುದರಲ್ಲಿ ನಮ್ಮ ಮನೆಯವರೂ ಹಿಂದೆ ಬಿದ್ದಿಲ್ಲ ಬಿಡಿ. ಮೆಣಸು ಬೆಳೆಯುವುದರಲ್ಲಿ ಅವರೇ ಮೊದಲು. ಕಾಫಿಯಲ್ಲಿ ಬ್ರೆಜಿಲ್ ಬಿಟ್ಟರೆ ಅವರೇ, ಅದೂ ಬಹುಪಾಲು ರೋಬಸ್ಟಾ. ಕಾಫಿ ತೋಟಗಳಿರುವ ಬುವಾನ್ ಮಾ ಥುವಾಟ್ ಎಂಬ ಊರಿನ ಕಡೆ ಹೋಗಿದ್ದೆವು. ತೋಟದಲ್ಲಿ ನೆರಳಿನ ಮರ ಅಪರೂಪ. ಮೆಣಸಿನ ಬಳ್ಳಿಯನ್ನು ಇಟ್ಟಿಗೆ ಕಂಬಕ್ಕೆ ಹಬ್ಬಿಸಿದ್ದು ನೋಡಿ ನಮ್ಮ ಯಜಮಾನರು ಅರ್ಧ ಗಂಟೆ ಅಲ್ಲೇ ನಿಂತರು. ಕಾಫಿಗೆ ಲೋಟದ ಮೇಲೆ ‘ಫಿನ್’ ಅನ್ನುವ ಪುಟ್ಟ ಫಿಲ್ಟರ್ ಇಡುತ್ತಾರೆ. ತಳದಲ್ಲಿ ಗಟ್ಟಿ ಸಿಹಿ ಹಾಲು, ಕೊನೆಗೆ ಐಸ್. ಫ್ರೆಂಚರ ಕಾಲದಲ್ಲಿ ಹಸಿ ಹಾಲು ಸಿಗುವುದು ಕಷ್ಟವಿತ್ತು, ಡಬ್ಬಿ ಹಾಲೇ ರೂಢಿಯಾಯಿತು. ನಮ್ಮತ್ತೆ ಒಂದು ಗುಟುಕು ಕುಡಿದು, ‘ಇದು ಕಾಫಿಯೋ ಪಾಯಸವೋ’ ಅಂದರು.

ಪ್ರಶ್ನೆ: ಮಗ ಹೋ ಚಿ ಮಿನ್ ಸಿಟಿಯಲ್ಲೇ ಇದ್ದಾನೆ. ರಾತ್ರಿ ಸೀರಿಯಲ್ ಮುಗಿಸಿ ಫೋನ್ ಮಾಡಿದರೆ ಎತ್ತುವುದೇ ಇಲ್ಲ.
– ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ನಿಮ್ಮ ಹತ್ತು ಗಂಟೆಗೆ ಅಲ್ಲಿ ಹನ್ನೊಂದೂವರೆ. ಮಧ್ಯಾಹ್ನವೂ ಬೇಡ, ಊಟವಾದ ಮೇಲೆ ಎಷ್ಟೋ ಆಫೀಸುಗಳಲ್ಲಿ ದೀಪ ಆರಿಸಿ ಒಂದು ಕೋಳಿನಿದ್ದೆ ತೆಗೆಯುತ್ತಾರೆ. ಸಂಜೆ ಆರಕ್ಕೆ, ದೇವರಿಗೆ ದೀಪ ಹಚ್ಚಿ ಆದ ಮೇಲೆ ಮಾಡಿ. ಅವನಿಗಾಗ ಏಳೂವರೆ, ಊಟದ ಹೊತ್ತು. ಏನು ತಿಂದೆ ಅಂತ ಕೇಳಿದರೆ ಪೂರ್ತಿ ನಿಜ ಹೇಳುತ್ತಾನೆ ಅನ್ನುವ ಭರವಸೆ ಮಾತ್ರ ನಾನು ಕೊಡಲಾರೆ.