ಬೋಲ್ಟ್ ಹಾಕಿದ ಕೈಯ ಬಗ್ಗೆ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ಸಾವಿನ ರೆಕ್ಕೆಗಳು’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ವಿಮಾನ ರಿಪೇರಿಯಲ್ಲಿ ಆಗುವ ತಪ್ಪುಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ನೀವಂತೂ ಅದೇ ಕೆಲಸ ಕಲಿಯುತ್ತಿರುವವರು. ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ಬಂದಾಗ ಹಾಸನದಲ್ಲಿ ಎಲ್ಲರೂ ರನ್‌ವೇ ಬಗ್ಗೆಯೇ ಕೇಳುತ್ತಾರೆ. ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರ್ ಒಳಗೆ ರಾತ್ರಿ ಏನು ನಡೆಯುತ್ತದೆ ಅಂತ ಅವರಿಗೆ ಯಾರಾದರೂ ಹೇಳಬೇಕು.

ಆರು ಪುಟಗಳಲ್ಲಿ ನಾಲ್ಕು ಪುಟ ಬೆಂಕಿ, ಚೀರಾಟ, ಕಣ್ಣೀರು. ಕಾರಣಕ್ಕೆ ಬಂದಾಗ ‘ಮೆಕ್ಯಾನಿಕ್‌ಗಳ ಸೋಮಾರಿತನ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಮ್ಮ ಉದಾಹರಣೆಗಳೇ ಆ ಮಾತನ್ನು ಒಪ್ಪುವುದಿಲ್ಲ.

1990ರ ಜೂನ್ 10ರ ಬ್ರಿಟಿಷ್ ಏರ್‌ವೇಸ್ ಘಟನೆಯನ್ನೇ ನೋಡಿ. ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ವಿಮಾನದ ಕಾಕ್‌ಪಿಟ್ ಗಾಜು ಸುಮಾರು 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಸತ್ತರು ಎಂದು ಬರೆದಿದ್ದೀರಿ. ತಪ್ಪು. ಅರ್ಧ ಮೈ ಹೊರಗೆ ಹೋಗಿದ್ದ ಅವರನ್ನು ಸಿಬ್ಬಂದಿ ಬಿಗಿಯಾಗಿ ಹಿಡಿದುಕೊಂಡರು. ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ವಿಮಾನ ಇಳಿಸಿದರು. ಎಲ್ಲರೂ ಬದುಕಿದರು. ಇನ್ನು ಹಾರಾಟಕ್ಕೆ ಮೊದಲು ಆ ಗಾಜನ್ನು ಹೊಸದಾಗಿ ಕೂರಿಸಿದವರು ಯಾರು? ರಿಪೇರಿ ನಡೆದ ರಾತ್ರಿಯ ಶಿಫ್ಟ್ ಮ್ಯಾನೇಜರ್. ಜನ ಕಡಿಮೆ ಇದ್ದುದರಿಂದ ಕೆಲಸವನ್ನು ತಾವೇ ಕೈಗೆತ್ತಿಕೊಂಡಿದ್ದರು. ಸೋಮಾರಿ ಹೀಗೆ ಮಾಡ್ತಾನಾ? ಪಾರ್ಟ್ಸ್ ಪುಸ್ತಕ ತೆಗೆಯದೆ, ಹಳೆ ಬೋಲ್ಟ್ ಪಕ್ಕದಲ್ಲಿ ಹೊಸದನ್ನು ಹಿಡಿದು, ಮಂದ ಬೆಳಕಿನಲ್ಲಿ ಕಣ್ಣಳತೆಯಲ್ಲೇ ಆರಿಸಿದರು. ನಮ್ಮ ಬಿ.ಎಂ. ರಸ್ತೆಯ ಗ್ಯಾರೇಜುಗಳಲ್ಲಿ ದಿನಾ ನಡೆಯುವುದೂ ಇದೇ ಅಲ್ವಾ? 90 ಬೋಲ್ಟ್‌ಗಳಲ್ಲಿ 84ರ ದಪ್ಪ ಕಡಿಮೆಯಿತ್ತು. ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. ಇನ್ನೊಬ್ಬರು ಬಂದು ಪರೀಕ್ಷಿಸಲೇಬೇಕು ಎಂಬ ನಿಯಮ ಆ ಕೆಲಸಕ್ಕೆ ಇರಲಿಲ್ಲ. ಅನುಭವಿ, ಹೊಣೆ ಹೊತ್ತ ಮನುಷ್ಯನೇ ಹೀಗೆ ತಪ್ಪಬಹುದು ಅನ್ನುವುದು ನನಗೆ ಬೆಂಕಿಗಿಂತ ಜಾಸ್ತಿ ಭಯ ಹುಟ್ಟಿಸಿತು.

1991ರ ಟೆಕ್ಸಸ್ ಅಪಘಾತವನ್ನು ಎರಡು ಸಾಲಿನಲ್ಲಿ ದಾಟಿಸಿದ್ದೀರಿ. ನನ್ನ ಪ್ರಕಾರ ಲೇಖನದ ಜೀವವೇ ಅದು. ಬಾಲದ ಮೇಲ್ತುದಿಯಲ್ಲಿರುವ ಅಡ್ಡ ರೆಕ್ಕೆಯಿಂದ ಒಂದು ಶಿಫ್ಟ್‌ನವರು 47 ಸ್ಕ್ರೂ ಬಿಚ್ಚಿದರು. ಮುಂದಿನ ಶಿಫ್ಟ್‌ಗೆ ಆ ಮಾತು ಸರಿಯಾಗಿ ತಲುಪಲಿಲ್ಲ. ಆ ಜಾಗ ಕೆಳಗೆ ನಿಂತವರಿಗೆ ಕಾಣುವುದೂ ಇಲ್ಲ. ಸ್ಕ್ರೂ ಇಲ್ಲದೆಯೇ ವಿಮಾನ ಹಾರಿತು, 14 ಜನ ಸತ್ತರು. ಬಿಚ್ಚಿದವರು ಯಾರಿಗೆ ಹೇಳಿದರು, ಏನು ಬರೆದಿಟ್ಟರು, ಬಂದವರು ಏನು ಕೇಳಲಿಲ್ಲ: ಇಲ್ಲಿ ನಿಧಾನಿಸಿ, ಬಿಡಿಸಿ ಬರೆಯಿರಿ.

ಜಪಾನ್ ಏರ್‌ಲೈನ್ಸ್ 123 ವಿಮಾನದ ಅಪಘಾತದಲ್ಲಿ ಸತ್ತವರು 520. ನೀವು ಬರೆದ 524 ಒಳಗಿದ್ದವರ ಲೆಕ್ಕ. 1978ರಲ್ಲಿ ಬಾಲ ನೆಲಕ್ಕೆ ಉಜ್ಜಿದ ಮೇಲೆ ಮಾಡಿದ ತಪ್ಪು ರಿಪೇರಿ 1985ರಲ್ಲಿ ಬಾಯಿಬಿಟ್ಟಿತು. ಏಳು ವರ್ಷ ಆ ತಪ್ಪು ಜನರನ್ನು ಹೊತ್ತು ಹಾರಾಡಿತು. ಇಷ್ಟು ಹೇಳಿದರೆ ಸಾಕು.

ಕೊನೆಯ ಪುಟದಲ್ಲಿ ಒಂದು ಸಾಲಿದೆ: ‘ರಾತ್ರಿ ಮೂರು ಗಂಟೆಗೆ ಟಾರ್ಕ್ ವ್ರೆಂಚ್ ಕ್ಲಿಕ್ ಅಂದಿದ್ದು ನಿಜವೋ, ನನಗೆ ಹಾಗನಿಸಿತೋ ಗೊತ್ತಾಗುವುದಿಲ್ಲ.’ ಬೋಲ್ಟ್ ಬೇಕಾದಷ್ಟು ಬಿಗಿಯಾಯಿತು ಎಂದು ಆ ಸ್ಪ್ಯಾನರ್ ಕೊಡುವ ಸದ್ದು ಅದು. ಇಡೀ ಬರಹದಲ್ಲಿ ನಿಮ್ಮದೇ ಆದ ಸಾಲು ಇದೊಂದೇ. ಇಲ್ಲಿಂದಲೇ ಶುರುಮಾಡಿ. ಆಗ ಏನು ಮಾಡುತ್ತೀರಿ? ಮತ್ತೊಮ್ಮೆ ಬಿಗಿದು ನೋಡುತ್ತೀರಾ? ಸೀನಿಯರ್‌ರನ್ನು ಎಬ್ಬಿಸಲು ಹೆದರಿಕೆಯೇ? ಕೆಲಸ ಮುಗಿಯಿತು ಎಂದು ಟಾಸ್ಕ್ ಕಾರ್ಡ್‌ಗೆ ಸಹಿ ಹಾಕುವಾಗ ಮನಸ್ಸಿನಲ್ಲಿ ಏನಿರುತ್ತದೆ? ಇದನ್ನೆಲ್ಲ ನನ್ನಂಥವನು ಊಹಿಸಿ ಬರೆಯಲಾರೆ, ನೀವು ಕಂಡು ಬರೆಯಬಲ್ಲಿರಿ.

ನೀವು ಕಲಿಯುತ್ತಿರುವ ಸಂಸ್ಥೆಯ ಹೆಸರು ಬೇಡ. ಶೀರ್ಷಿಕೆ ಬದಲಿಸಿ. ಮೂರು ಪುಟ ಸಾಕು. ಈ ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ, ಹಾಸನ